ಭೂಮಿಕ ಬರೆದ ಎರಡನೇ ಅರ್ಜಿ

ಸಂತೆಬಾಚಹಳ್ಳಿಯ ಸುಬ್ರಹ್ಮಣ್ಯಾಚಾರ್ರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾರು ಶುರುಮಾಡಿದರೋ ಆ ಮನೆಯವರಿಗೇ ಗೊತ್ತಿಲ್ಲ. ಅವರು ಮಾಡಿದ ಬಾಗಿಲನ್ನು ಹೊಸ ಮನೆಗೆ ಇಡುವ ದಿನ, ಪೂಜೆ ಮುಗಿದು ಆಚಾರ್ರ ಕೈಗೆ ತಾಂಬೂಲ ಬಂದಾಗ, ಮನೆಯವರು "ಯಾರ ಕೆಲಸ ಇದು?" ಎಂದು ಕೇಳುತ್ತಾರೆ. ಉಳಿ ಹಿಡಿದವನು "ನಂದು" ಅನ್ನಕೂಡದು, ತನ್ನ ಹಿರಿಯನ ಹೆಸರು ಹೇಳಬೇಕು. "ನಂದು" ಅಂದರೆ ಉಳಿ ಮೊಂಡಾಗುತ್ತದಂತೆ. ಹೀಗಾಗಿ ಸುಬ್ರಹ್ಮಣ್ಯಾಚಾರ್ರು ಆಯುಷ್ಯವೆಲ್ಲ "ನಮ್ಮಪ್ಪ ಪುಟ್ಟಸ್ವಾಮಾಚಾರ್ರದು" ಎಂದೇ ಹೇಳಿಕೊಂಡು ಬಂದರು. ಪುಟ್ಟಸ್ವಾಮಾಚಾರ್ರು ಕಣ್ಮುಚ್ಚಿ ಎಷ್ಟೋ ಕಾಲವಾದ ಮೇಲೂ ಅವರ ಹೆಸರಿನಲ್ಲಿ ಬಾಗಿಲುಗಳು ಹೊರಡುತ್ತಲೇ ಇದ್ದವು. ಬದುಕಿದ್ದಾಗ ಆ ಪುಣ್ಯಾತ್ಮರು ಅಷ್ಟು ಕೆಲಸ ಮಾಡಿದ್ದರೋ ಇಲ್ಲವೋ.

ಆಚಾರ್ರ ಒಬ್ಬಳೇ ಮಗಳು ಭೂಮಿಕ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಅಪ್ಪ ಊಟಕ್ಕೆ ಎದ್ದ ಹೊತ್ತಿನಲ್ಲಿ ಉಳಿ ಎತ್ತಿಕೊಂಡು ತುಂಡು ಮರದ ಮೇಲೆ ಗಿಳಿ ಕೆತ್ತಲು ಹೋದಳು. ಮೊದಲ ಗಿಳಿ ಕೋಳಿಯಂತೆ ಬಂತು. ಆಚಾರ್ರು ನೋಡಿ ಬೈಯಲಿಲ್ಲ, ನಗಲೂ ಇಲ್ಲ. "ಉಳಿ ಮಸ್ಯೋದು ಕಲ್ತ್ಕೊ ಮೊದ್ಲು" ಅಂದರು. ಅಲ್ಲಿಂದ ಅವಳು ಹಿಡಿದ ಉಳಿ ಕೆಳಗಿಡಲಿಲ್ಲ. ಕೆಲವೇ ವರ್ಷದಲ್ಲಿ ಅಳತೆ, ಚೌಕಟ್ಟು, ಕೂಡು ಹಾಕುವುದು ಅಪ್ಪನದು, ಹೂವು, ಬಳ್ಳಿ, ಗಿಳಿ, ಗಜಲಕ್ಷ್ಮಿ ಎಲ್ಲ ಮಗಳದು ಎಂದಾಯಿತು. ನೋಡಿದವರೆಲ್ಲ "ಆಚಾರ್ರ ಕೈ ವಯಸ್ಸಾದಂಗೆಲ್ಲ ನಾಜೂಕಾಗ್ತಾ ಐತೆ" ಎಂದು ಹೊಗಳುತ್ತಿದ್ದರು. ಅವಳು ಬಾಗಿಲ ಹಿಂದೆ ನಿಂತು ಅದನ್ನು ಕೇಳಿ ಸಂತೋಷಪಡುತ್ತಿದ್ದಳು. ಪದ್ಧತಿ ಅಂದಮೇಲೆ ಅದರಲ್ಲಿ ತಪ್ಪೇನೂ ಅವಳಿಗೆ ಕಂಡಿರಲಿಲ್ಲ.

ತಪ್ಪು ಕಂಡದ್ದು ಪಾಂಡವಪುರದ ಕೆಲಸ ಬಂದಾಗ. ಅಲ್ಲಿಯ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಮರದ ಕೆತ್ತನೆ ಕಲಿಸುವವರು ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ಭೂಮಿಕ ಪೇಪರಿನಲ್ಲಿ ಓದಿದಳು. ಓದಿದವಳಿಗೆ ಅನ್ನ ಸೇರಲಿಲ್ಲ. ಅಷ್ಟು ಬೇಕೆನಿಸಿತು ಆ ಕೆಲಸ. ಊರಿನಲ್ಲಿ ಈಗ ರೆಡಿಮೇಡ್ ಬಾಗಿಲಿನ ಅಂಗಡಿ ಬಂದಿತ್ತು, ಕೆತ್ತನೆ ಕೇಳುವವರು ಕಡಿಮೆಯಾಗಿದ್ದರು. ಅದಕ್ಕಿಂತ ಹೆಚ್ಚಾಗಿ, ಪಕ್ಕದ ಬೀದಿಯ ಇಬ್ಬರು ಹುಡುಗಿಯರಿಗೆ ಉಳಿ ಹಿಡಿಯುವುದನ್ನು ಹೇಳಿಕೊಟ್ಟ ದಿನಗಳಲ್ಲಿ ಅವಳಿಗೆ ಸಿಕ್ಕ ಖುಷಿ ಬೇರೆಲ್ಲೂ ಸಿಕ್ಕಿರಲಿಲ್ಲ.

ಅರ್ಜಿ ಬರೆದಳು. ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಧಾಟಿಯೇ ಅವಳಿಗೆ ಬರುತ್ತಿದ್ದದ್ದು. "ನಮ್ಮ ತಂದೆಯವರಾದ ಶ್ರೀ ಸುಬ್ರಹ್ಮಣ್ಯಾಚಾರ್ ಅವರು ಮರದ ಕೆಲಸದಲ್ಲಿ ನುರಿತವರಾಗಿದ್ದು, ನಮ್ಮ ತಾತನವರ ಆಶೀರ್ವಾದದಿಂದ ಈ ಭಾಗದಲ್ಲಿ ಅನೇಕ ಬಾಗಿಲುಗಳು ಆಗಿರುತ್ತವೆ. ಬಡವರಾದ ನಮಗೆ ದಯಮಾಡಿ ಕೆಲಸ ಕೊಡಿಸಿಕೊಡಬೇಕಾಗಿ ಪ್ರಾರ್ಥನೆ" ಎಂದು ಎರಡು ಪುಟ ತುಂಬಿಸಿ, ಅಪ್ಪನ ಮೊಬೈಲ್ ನಂಬರು ಹಾಕಿ, ದೇವರ ಮುಂದೆ ಇಟ್ಟು ಅಂಚೆಗೆ ಹಾಕಿದಳು.

ವಾರ ಕಳೆಯುವುದರೊಳಗೆ ಫೋನು ಬಂತು. ಆಚಾರ್ರು ಎತ್ತಿದರು. ಆ ಕಡೆ ಇದ್ದವರು ಕೇಂದ್ರದ ಮುಖ್ಯಸ್ಥ ಶ್ರೀನಿವಾಸಮೂರ್ತಿ.

"ನಿಮ್ಮ ಮಗಳು ನಿಮ್ಮ ಬಗ್ಗೆ ತುಂಬಾ ಚೆನ್ನಾಗಿ ಬರೆದಿದ್ದಾರೆ ಆಚಾರ್ರೇ. ನೀವು ಬರೋದಾದ್ರೆ ಒಂದು ದಿನ ಬನ್ನಿ, ಮಾತಾಡೋಣ."

"ನಂಗ್ಯಾಕ್ ಸ್ವಾಮಿ ಈ ವಯಸ್ನಲ್ಲಿ ಕೆಲ್ಸ?" ಅಂದರು ಆಚಾರ್ರು.

ಭೂಮಿಕಳ ತಾಯಿ ಚೆಲುವಮ್ಮನಿಗೆ ನಗು ತಡೆಯಲಾಗಲಿಲ್ಲ. "ಮಗ್ಳು ಅರ್ಜಿ ಹಾಕುದ್ಲು, ಅಪ್ಪಂಗೆ ಕೆಲ್ಸ ಬಂತು. ಇನ್ನೇನು, ಬುತ್ತಿ ಕಟ್ಕೊಡ್ತೀನಿ, ಹೋಗ್ಬನ್ನಿ" ಅಂದರು. ಭೂಮಿಕಳಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನಿಸಿತು. ಅಪ್ಪನ ಕೈಯಿಂದ ಫೋನು ಇಸಿದುಕೊಂಡು, ಅರ್ಜಿ ತನ್ನದೆಂದೂ ಬರೆದದ್ದು ಸರಿಯಾಗಲಿಲ್ಲವೆಂದೂ ತಡವರಿಸುತ್ತ ಹೇಳಿದಳು. ಶ್ರೀನಿವಾಸಮೂರ್ತಿ ಒಳ್ಳೆಯವರು. "ಹಾಗಾದ್ರೆ ನಿಮ್ಮ ಬಗ್ಗೆ ಬರೆದು ಕಳಿಸಿಮ್ಮ. ಬೇಗ ಕಳಿಸಿ, ಬೇರೆಯವರೂ ಕೇಳ್ತಿದ್ದಾರೆ" ಅಂದರು.

ಮರುದಿನವೇ ಅವಳು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ಸರೋಜ ಮೇಡಂ ಹತ್ತಿರ ಹೋದಳು. ಆ ಸುತ್ತಿನ ಅರ್ಧ ಜನರ ಅರ್ಜಿ ಟೈಪು ಮಾಡಿದ ಕೈ ಅದು. ಹಳೆಯ ಅರ್ಜಿಯ ಪ್ರತಿ ಓದಿ ಸರೋಜ ಕನ್ನಡಕ ತೆಗೆದರು.

"ಇದೇನಮ್ಮ, ಅರ್ಜಿನೋ ಲಗ್ನಪತ್ರಿಕೆನೋ? ಬರೀ ಹಿರಿಯರ ಹೆಸರೇ ಇದೆ. ಹುಡುಗಿ ಎಲ್ಲಿ?"

ಸರೋಜ ಕುರ್ಚಿ ಎಳೆದು ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಸರಿ, ನಾನು ಕೇಳ್ತೀನಿ, ನೀನು ಹೇಳು. ನಿನಗೆ ತುಂಬಾ ಇಷ್ಟವಾದ ಬಾಗಿಲು ಯಾವುದು?"

"ನಾಗಮಂಗಲದ ಪಾರ್ವತಮ್ಮನವರ ಮನೇದು ಮೇಡಂ. ಅಪ್ಪ ಮಾಡಿದ್ದು."

"ಅದರ ಕೆತ್ತನೆಗೆ ಉಳಿ ಹಿಡಿದವರು ಯಾರು?"

"ಉಳಿ... ನಾನೇ ಹಿಡ್ದಿದ್ದು."

"ಹಾಗಾದ್ರೆ ಅಷ್ಟನ್ನೇ ಹೇಳು. ಹೆಚ್ಚು ಹೇಳಿದ್ರೆ ಬಡಾಯಿ ಆಗುತ್ತೆ. ಇದ್ದದ್ದನ್ನೇ ಮುಚ್ಚಿಟ್ರೆ ಅದೂ ಸುಳ್ಳೇ. ಬಡವರು, ದಯಮಾಡಿ ಅನ್ನೋದೆಲ್ಲ ಬೇಡ. ಅವರು ದಾನ ಕೊಡ್ತಿಲ್ಲ, ಅವರಿಗೆ ಬೇಕಾದ ಕೆಲಸ ನಿನಗೆ ಬರುತ್ತೆ. ಏನು ಬರುತ್ತೆ, ಏನು ಬರಲ್ಲ, ಎಲ್ಲಿ ಹೋಗಿ ನೋಡಬಹುದು, ಅಷ್ಟು ಬರಿ."

ಒಂದೊಂದು ವಾಕ್ಯವೂ ಹಲ್ಲು ಕಿತ್ತಹಾಗೆ ಹೊರಬಂತು. ಕೊನೆಗೆ ಅರ್ಜಿ ಹೀಗಾಯಿತು: "ನಾನು ತೇಗ ಮತ್ತು ಹೊನ್ನೆ ಮರದಲ್ಲಿ ಬಾಗಿಲಿನ ಕೆತ್ತನೆ ಮಾಡುತ್ತೇನೆ. ನಾಗಮಂಗಲದ ಪಾರ್ವತಮ್ಮನವರ ಮುಂಬಾಗಿಲಿನ ಗಿಳಿ ಮತ್ತು ಬಳ್ಳಿ ನಾನು ಕೆತ್ತಿದ್ದು. ಆ ಮರದಲ್ಲಿ ಗಂಟು ಬಂದಿತ್ತು. ಹಲಗೆ ಬದಲಾಯಿಸದೆ ಗಂಟನ್ನೇ ಗಿಳಿಯ ಕಣ್ಣು ಮಾಡಿದೆ. ನಮ್ಮ ಊರಿನ ಇಬ್ಬರು ಹುಡುಗಿಯರಿಗೆ ಕಲಿಸಿದ್ದೇನೆ. ಮೊದಲು ಉಳಿ ಮಸೆಯುವುದನ್ನು ಹೇಳಿಕೊಡುತ್ತೇನೆ, ಮರ ಮುಟ್ಟಿಸುವುದು ಆಮೇಲೆ. ಚೌಕಟ್ಟಿನ ಕೆಲಸ ನನಗೆ ಪೂರ್ತಿ ಬರುವುದಿಲ್ಲ." ಕೆಳಗೆ, ವಿಚಾರಿಸಬೇಕೆಂದರೆ ಎಂದು, ಪಾರ್ವತಮ್ಮನವರದೂ ಪಾಲಹಳ್ಳಿ, ಶ್ರೀರಂಗಪಟ್ಟಣದಲ್ಲಿ ಅವಳು ಕೆತ್ತಿದ ಬಾಗಿಲಿರುವ ಒಂದೊಂದು ಮನೆಯವರದೂ ಫೋನ್ ನಂಬರು. ಒಂದೇ ಪುಟ. ಓದಿಕೊಂಡಾಗ ಭೂಮಿಕಳ ಎದೆ ಉಬ್ಬಿತು. ಯಾರೋ ಕೆಲಸ ಬಲ್ಲವಳ ವಿಷಯ ಓದುತ್ತಿದ್ದೇನೆ ಅನಿಸಿತು, ಆ ಬಲ್ಲವಳು ತಾನೇ.

ಬಸ್ಸಿನಲ್ಲಿ ಕೂತಾಗ ಹೆದರಿಕೆ ಶುರುವಾಯಿತು. ಪಾಂಡವಪುರದವರು ಆ ಮೂರು ಮನೆಗೆ ಫೋನು ಮಾಡಿ ಕೇಳಿದರೆ ಅವರು ಏನು ಹೇಳಿಯಾರು? ತಾಂಬೂಲ ಕೊಟ್ಟು, ಕಿವಿಯಾರೆ ಕೇಳಿದವರು. "ಅದು ಪುಟ್ಟಸ್ವಾಮಾಚಾರ್ರ ಮನೆತನದ್ದು, ಸುಬ್ರಹ್ಮಣ್ಯಾಚಾರ್ರು ಮಾಡಿದ್ದು" ಅನ್ನುತ್ತಾರೆ. ಅವಳು ಜೀವಮಾನದಲ್ಲಿ ಮೊದಲ ಸಲ ಬರೆದ ನಿಜ ಶುದ್ಧ ಸುಳ್ಳಾಗಿ ಕಾಣುತ್ತದೆ. ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಸಂಜೆ ಅಪ್ಪನ ಮುಂದೆ ಕೂತು ಅರ್ಜಿ ಓದಿದಳು. ಕಂಪ್ಯೂಟರಿನಲ್ಲಿ ಕಳಿಸಿ ಆಗಿದೆ ಎಂದೂ ಹೇಳಿದಳು. ಆಚಾರ್ರು ಪೂರ್ತಿ ಕೇಳಿದರು. "ನಂದು, ನಂದು ಅಂತ ಬರ್ದಿದ್ದೀಯ" ಅಂದರು.

"ಊಂ ಅಪ್ಪ."

ಅವರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದು ಹೊರಗೆ ಹೋದರು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮರ ನೋಡಿಕೊಂಡು ಬರುತ್ತೇನೆಂದು ಹೊರಟರು. ಅದರ ಮರುದಿನವೂ ಹೊರಟರು. ಮರ ಮಾತ್ರ ಮನೆಗೆ ಬರಲಿಲ್ಲ. ಅಪ್ಪನ ಮನಸ್ಸು ನೋಯಿಸಿದೆನಲ್ಲ ಎಂಬುದು ಭೂಮಿಕಳಿಗೆ ಕೆಲಸ ಸಿಗದಿರುವುದಕ್ಕಿಂತ ದೊಡ್ಡದಾಗಿ ಕಂಡಿತು.

ಸಂದರ್ಶನಕ್ಕೆ ಕರೆ ಬಂದ ದಿನ ಒಬ್ಬಳೇ ಪಾಂಡವಪುರಕ್ಕೆ ಹೋದಳು. ಶ್ರೀನಿವಾಸಮೂರ್ತಿಗಳ ಮೇಜಿನ ಮೇಲೆ ಅವಳ ಒಂದು ಪುಟದ ಅರ್ಜಿ ಇತ್ತು.

"ನೀವು ಕೊಟ್ಟ ಮೂರು ಮನೆಗೂ ಫೋನು ಮಾಡಿದೆ" ಅಂದರು. ಭೂಮಿಕ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡಳು. "ನಾಗಮಂಗಲದ ಪಾರ್ವತಮ್ಮನವರು ಹೇಳಿದ್ದು ಕೇಳಿ. ಇಷ್ಟು ದಿನ ಅದು ಆಚಾರ್ರ ಕೆಲಸ ಅಂದ್ಕೊಂಡಿದ್ರಂತೆ. ಮೊನ್ನೆ ಆಚಾರ್ರೇ ಮನೆಗೆ ಬಂದು, ಕಾಫಿನೂ ಮುಟ್ಟದೆ, ಬಾಗಿಲಲ್ಲಿ ನಿಂತು, 'ಇದು ನನ್ನ ಮಗಳ ಕೈಕೆಲಸ ತಾಯಿ, ಅವತ್ತು ನಾನು ಹೇಳಿದ್ದು ಪದ್ಧತಿ ಮಾತು' ಅಂದ್ರಂತೆ. ಪಾಲಹಳ್ಳಿಯವರೂ ಅದನ್ನೇ ಹೇಳಿದ್ರು. ಶ್ರೀರಂಗಪಟ್ಟಣದವರೂ."

ಭೂಮಿಕಳಿಗೆ ಕಣ್ಣು ತುಂಬಿ ಎದುರಿಗಿದ್ದವರು ಮಸುಕಾದರು. ಶ್ರೀನಿವಾಸಮೂರ್ತಿಗಳು ಕೇಳಿದರು. "ಈಗ ನೀವೇ ಹೇಳಿಮ್ಮ. ಆ ಗಿಳಿ ಬಾಗಿಲಿನ ಕೆತ್ತನೆ ಯಾರದು?"

"ನಂದು ಸಾರ್" ಅಂದಳು. ಆಮೇಲೆ ಕಲಿಸುವ ಬಗೆ, ಉಪಕರಣ, ಹುಡುಗಿಯರ ಭಯ ಬಿಡಿಸುವುದು ಎಂದು ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟಳು. ಮುಂದಿನ ತಿಂಗಳಿಂದ ಬರಬೇಕೆಂದು ಅಲ್ಲೇ ಹೇಳಿದರು.

ಮನೆಗೆ ಬಂದಾಗ ಆಚಾರ್ರು ಹಲಗೆಗೆ ಗೆರೆ ಎಳೆಯುತ್ತಿದ್ದರು. ಭೂಮಿಕ ಪಕ್ಕದಲ್ಲಿ ಕೂತಳು.

"ಕೆಲ್ಸ ಸಿಕ್ತಪ್ಪ. ನೀನು ಮೂರು ಮನೆಗೂ ಹೋಗಿದ್ಯಂತೆ. ಒಂದ್ ಮಾತು ನಂಗೆ ಹೇಳ್ನಿಲ್ಲ."

ಆಚಾರ್ರು ಗೆರೆ ಮುಗಿಸಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡರು. ಮಗಳ ಕಡೆ ನೋಡದೆಯೇ ಮಾತಾಡಿದರು.

"ನನ್ ಕೆಲ್ಸನ ನಂದು ಅಂತ ಒಂದ್ಸಲಾನೂ ಹೇಳಿರ್ನಿಲ್ಲ ಕಣವ್ವ. ಆಸೆ ಇತ್ತು. ಆ ಮನೆಗಳಲ್ಲಿ ನಿಂತ್ಕೊಂಡು ನನ್ ಮಗ್ಳುದು ಅಂದ್ನಲ್ಲ, ಅವಾಗ ನಂದೂ ಸೇರಿಸ್ಕಂಡು ಹೇಳ್ದಂಗಾಯ್ತು."