ಫ್ಲಾನೆಲ್ ಚೀಲದ ಕನ್ನಡಕ

ಮೊನ್ನೆ ಬೀರು ಒರೆಸುವಾಗ ಹಳೆಯ ಬಿಸ್ಕತ್ ಡಬ್ಬಿ ಕೈಗೆ ಬಂತು. ಒಳಗೆ ನುಸಿಗುಳಿಗೆ ವಾಸನೆಯ ಒಂದು ಫ್ಲಾನೆಲ್ ಚೀಲ, ನಾನೇ ಹೊಲಿದದ್ದು. ಅದರೊಳಗೆ ಯಾರ ಮೂಗಿನ ಮೇಲೂ ಒಮ್ಮೆಯೂ ಕೂರದ ದಪ್ಪ ಗಾಜಿನ ಕನ್ನಡಕ...

ಎಪ್ಪತ್ತರ ದಶಕದ ಕೊನೆ. ನಾವು ಬನಶಂಕರಿಗೆ ಬಂದ ಹೊಸತು. ಎದುರುಮನೆ ಮೇಷ್ಟ್ರ ಅತ್ತೆ ರಾಯಚೂರು ಕಡೆಯ, ಕೃಷ್ಣಾ ನದಿಯ ನಡುಗಡ್ಡೆಯೊಂದರಿಂದ ಕಣ್ಣಿನ ಆಪರೇಷನ್‌ಗೆಂದು ಬಂದಿದ್ದರು. ಅಲ್ಲಿ ಡಾಕ್ಟರಿಲ್ಲ, ಹೊಳೆ ತುಂಬಿದರೆ ತಿಂಗಳುಗಟ್ಟಲೆ ಹರಿಗೋಲೂ ಇಲ್ಲ. ಒಂದು ಕಣ್ಣು ಯಾರೋ ಹಿಂಡಿದ ಸೊಪ್ಪಿನ ರಸಕ್ಕೆ ಆಗಲೇ ಹೋಗಿತ್ತು. ಇನ್ನೊಂದರ ಪೊರೆ ಇಲ್ಲಿ ತೆಗೆದರು. ಊರಲ್ಲಿ ಪೊರೆ ಬಂದ ಇನ್ನೂ ನಾಲ್ವರು ಹೆಂಗಸರು, ಈ ಅಜ್ಜಿ ಹೇಗೆ ಮರಳುತ್ತಾರೆ ನೋಡಿಕೊಂಡು ತಾವೂ ಹೊರಡುವುದೆಂದು ಕಾದಿದ್ದರಂತೆ.

ಆಗ ಕಣ್ಣೊಳಗೆ ಲೆನ್ಸ್ ಇಡುತ್ತಿರಲಿಲ್ಲ. ದಪ್ಪ ಕನ್ನಡಕವೇ ದೃಷ್ಟಿ. ಅದರಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸಹೋಗಿ ಅಜ್ಜಿ ಲೋಟದ ಈಚೆಗೇ ಸುರಿದರು. "ನಿಮ್ಮ ಬೆಂಗಳೂರಾಗ ಲೋಟನೂ ಸುಳ್ಳ ಹೇಳ್ತಾವ ನೋಡವ್ವ" ಎಂದು ತಾವೇ ನಕ್ಕರು. ಮೊದಲು ಬೆರಳಿಂದ ಲೋಟ ಮುಟ್ಟಿ, ಆಮೇಲೆ ಬಗ್ಗಿಸುವುದನ್ನು ಕಲಿಸಿದೆ.

ಬೇಸಿಗೆಯಲ್ಲಿ ಊರಿಗೆ ಹೊರಟಾಗ ನನ್ನ ಕೈ ಹಿಡಿದುಕೊಂಡರು. "ಹರಿಗೋಲ ಇಳಿಯುವಾಗ ಇದು ಹೊಳ್ಯಾಗ ಬಿದ್ರ ನನ್ನ ಕಣ್ಣ ಬಿದ್ದಂಗ. ಇನ್ನೊಂದು ಮಾಡಿಸಿ ಕಳಸ್ತೀಯಾ?" ಜಯನಗರ ಫೋರ್ತ್ ಬ್ಲಾಕಿನ ಕನ್ನಡಕದ ಅಂಗಡಿಯವರು ನಮಗೆ ಪರಿಚಯ. ನಾನೇ ಒಪ್ಪಿಕೊಂಡೆ.

ಕನ್ನಡಕ ವಾರದಲ್ಲೇ ತಯಾರಾಯಿತು. ಬರೀ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಸಣ್ಣ ಹೊಲಿಗೆ, ಅಂಚಿಗೆ ನೀಲಿ ದಾರದ ಹೂವು... ಸರಿಬರಲಿಲ್ಲವೆಂದು ಎರಡು ಸಲ ಬಿಚ್ಚಿದೆ. ಇವತ್ತೇ ಪೋಸ್ಟ್ ಮಾಡ್ಲಾ ಎಂದು ನಮ್ಮವರು ಕೇಳಿದರು.

"ಒಂದು ಹೂವು ಬಾಕಿ ಇದೆ ರೀ. ಸೋಮವಾರ ಹಾಕಿ."

ಆ ಸೋಮವಾರ ಮೇಷ್ಟ್ರು ಬಂದು, ಹೊಳೆ ಏರಿತಂತೆ, ಇನ್ನು ದಸರಾವರೆಗೆ ಟಪಾಲು ದಾಟುವುದಿಲ್ಲ ಎಂದರು.

ದಸರಾ ಕಳೆದ ಮೇಲೆ ಸುದ್ದಿ ಬಂತು. ಹೊಳೆ ಏರುವ ಮುಂಚಿನ ಕೊನೆಯ ಸಂತೆಯಿಂದ ಮರಳುವಾಗ, ಹರಿಗೋಲಿನಿಂದ ಅಜ್ಜಿ ಕಾಲಿಟ್ಟ ಕಡೆ ನೆಲವಿರಲಿಲ್ಲ. ಜನ ಅವರನ್ನು ಎಳೆದುಕೊಂಡರು. ಕನ್ನಡಕ ಹೋಯಿತು. ಮಳೆಗಾಲವಿಡೀ ಬಾಗಿಲಲ್ಲಿ ಕೂತು, ಬೆಂಗಳೂರಿನ ಟಪಾಲು ಬಂತಾ ಎಂದು ಕೇಳುತ್ತಿದ್ದರಂತೆ... ನೀರು ಇಳಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡರು. ಆ ನಾಲ್ವರಲ್ಲಿ ಯಾರೂ ಆಪರೇಷನ್‌ಗೆ ಹೊರಡಲಿಲ್ಲ.

ಹೋದ ವರ್ಷ ನನಗೂ ಪೊರೆ ತೆಗೆದರು. ಬೆಳಿಗ್ಗೆ ಹೋದವಳು ಅಂದೇ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆ. ಮೊನ್ನೆ ಆ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ವರ್ಷವಾದರೂ ಒಂದು ಹೊಲಿಗೆಯೂ ಬಿಟ್ಟಿಲ್ಲ.