ಉಳ್ಳಾಲದವನ ಉಪ್ಪುನೀರು

ಕಡಲಾಳದ ಎಣ್ಣೆಬಾವಿಗಳಲ್ಲಿ ಎಣ್ಣೆಗಿಂತ ನೀರೇ ಹೆಚ್ಚು ಉಕ್ಕತೊಡಗಿದರೆ ಅದನ್ನು ತಡೆಯುವ ಜೆಲ್ ತಯಾರಿಸುವುದು ಆಲೋಶಿಯಸ್‌ನ ಕೆಲಸ. ವಿದೇಶದ ಬ್ಲಾಂಚರ್ಡ್ಸ್‌ಟೌನ್ ಎಂಬ ಊರಿನ ಲ್ಯಾಬಿನಲ್ಲಿ ಅದೇ ಕೆಲಸದಲ್ಲಿ ಅವನ ತಲೆ ನರೆತಿತ್ತು. ಹಳೇ ಬಾವಿಯೊಂದರಲ್ಲಿ ಈ ಸಲ ನೀರು ನಿಲ್ಲದಿದ್ದರೆ ಕಂಪನಿಯವರು ಅದನ್ನು ಮುಚ್ಚಿ, ಅಲ್ಲಿನ ಕೆಲಸಗಾರರನ್ನೆಲ್ಲ ಮನೆಗೆ ಕಳಿಸುವವರಿದ್ದರು. ಜೆಲ್ ಪರೀಕ್ಷೆಗೆ ಬೇಕಾದ ಆ ಬಾವಿಯ ನೀರು ಕೊರಿಯರಿನಲ್ಲಿ ತಡವಾದಾಗ ಅವನು ಹತ್ತಿರದ ಹೌತ್ ಎಂಬಲ್ಲಿನ ದಡದಿಂದ ಕಡಲ ನೀರು ತುಂಬಿಸಿ ತಂದ.

"ಕಾಯೋಣ ಸಾರ್," ಎಂದಳು ಸಹಾಯಕಿ ಸ್ಪಂದನಾ.

"ನಾನು ಉಳ್ಳಾಲದವನು ಮಾರಾಯ್ತಿ. ಮೈಸೂರಿನವಳು ನಂಗೆ ಉಪ್ಪುನೀರಿನ ಪಾಠ ಹೇಳ್ತೀಯಾ?"

ಕಡಲ ನೀರಿನಲ್ಲಿ ಪಾಸಾದ ಜೆಲ್ಲನ್ನೇ ಬಾವಿಗೆ ಇಳಿಸಿದರು. ಆದರೆ ಬಾವಿಯ ನೀರು ಕಡಲಿಗಿಂತ ಎಷ್ಟೋ ಪಟ್ಟು ಉಪ್ಪಾಗಿತ್ತು. ಅದು ತಾಗಿದ್ದೇ ಜೆಲ್ ಅರ್ಧದಾರಿಯಲ್ಲಿ ಗಟ್ಟಿಯಾಗಿ, ಎಣ್ಣೆಯ ದಾರಿಯನ್ನೇ ಮುಚ್ಚಿತು.

ಬಾವಿ ಮುಚ್ಚಿ ಕೆಲಸ ನಿಂತ ದಿನ ಅಲ್ಲಿನ ಮೇಸ್ತ್ರಿ ಸ್ಟೀವನ್ ಫೋನ್ ಮಾಡಿ, ಇಷ್ಟು ವರ್ಷದ ಸಹಾಯಕ್ಕೆ ಥ್ಯಾಂಕ್ಸ್ ಹೇಳಿದ. ಅವನಿಗೆ ಕಾರಣವನ್ನು ಯಾರೂ ತಿಳಿಸಿರಲಿಲ್ಲ.