ಕಡಲೆ ಹೊಲಕ್ಕೆ ಕುಸುಬೆಯ ಅಂಚು

ಲಾರಿಯಿಂದ ಜೇನುಪೆಟ್ಟಿಗೆ ಇಳಿಸಿ ತಲೆಯೆತ್ತಿದರೆ ಕಣ್ಣು ಹಾಯುವಷ್ಟು ದೂರ ಒಂದು ತೆಂಗಿನ ಗರಿಯೂ ಇಲ್ಲ! ನಾನು ಬೆಳೆದದ್ದು ತಿಪಟೂರಿನ ತೆಂಗಿನ ತೋಟದ ನೆರಳಲ್ಲಿ. ನರೇಗಲ್ಲಿನಾಚೆ ಬರೀ ಕಪ್ಪು ನೆಲ. ಇಲ್ಲಿಯವರು ಅದನ್ನು 'ಯರಿ' ಎನ್ನುತ್ತಾರೆ. ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ನಮ್ಮಲ್ಲಿ ಬೋರಿನ ನೀರು ನಿಂತರೆ ಬೆಳೆ ಒಣಗಿತು. ಇಲ್ಲಿ ನೆಲವೇ ಮಳೆಯ ತೇವ ಹಿಡಿದಿಟ್ಟುಕೊಂಡು ಚಳಿಗಾಲವಿಡೀ ಹಿಂಗಾರಿ ಪೈರನ್ನು ಸಾಕುತ್ತದೆ. ಈ ಮಣ್ಣಿಗೆ ಕೈಮುಗಿಯಬೇಕು, ನಿಜವಾಗಿಯೂ.

ನಾನು ಬಂದದ್ದು ಸೂರ್ಯಕಾಂತಿ ಹೂವಿಗಾಗಿ. ಹುಸೇನಸಾಬರೆಂಬ ರೈತರ ಬದುವಿನಲ್ಲಿ ಪೆಟ್ಟಿಗೆ ಇಟ್ಟೆ. ಔಷಧಿ ಹೊಡೆಯಬೇಕಾದಾಗಲೆಲ್ಲ ಅವರು ಜೇನುಹುಳು ಗೂಡು ಸೇರುವ ಸಂಜೆಗೆ ಕಾಯುತ್ತಿದ್ದರು. ನಾನು ಕೇಳಿಕೊಂಡದ್ದು ಒಂದೇ ಸಲ. ಅಂಥವರನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಬಾಡಿಗೆ ಮನೆ ಹಿಡಿದೆ. ಮುದ್ದೆ ನುಂಗುತ್ತಿದ್ದ ಬಾಯಿ ಖಡಕ್ ರೊಟ್ಟಿ ಅಗಿಯಲು ಕಲಿಯಿತು.

ಅಷ್ಟರಲ್ಲಿ ಹೊಲಗಳ ಬಣ್ಣ ಬದಲಾಗುತ್ತಿತ್ತು. ನರಗುಂದದ ಕಡೆ ಕಾಲುವೆಗುಂಟ ಗೋವಿನಜೋಳ, ನಮ್ಮ ಸುತ್ತ ಹೆಸರು ಕೊಯ್ದ ಮೇಲೆ ಕಡಲೆ. ಒಂದು ದಿನ ಹುಸೇನಸಾಬರು ಮನೆಗೆ ಕರೆದು ಕೂರಿಸಿ ಹೇಳಿದರು.

"ಈ ಸಲ ಸೂರ್ಯಕಾಂತಿ ಇಲ್ಲ ತಮ್ಮಾ, ಎಲ್ಲಾ ಕಡ್ಲಿ. ಗಿಳಿ ಕಾಟ ಸಾಕಾಗೇತಿ."

ತಪ್ಪೆನ್ನಲು ನಾನ್ಯಾರು? ಆದರೆ ಕಡಲೆ ಹೂವಿನಲ್ಲಿ ಜೇನಿಗೆ ಸಿಗುವುದು ಅಷ್ಟಕ್ಕಷ್ಟೇ. ಹೂವಿಲ್ಲದ ಮೇಲೆ ನಾನಿಲ್ಲಿ ಉಳಿಯುವಂತಿಲ್ಲ. ಊರಿಗೆ ಹೊರಡುತ್ತೇನೆ ಎಂದೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ ಬೀಬಿಜಾನಕ್ಕನ ಕೈ ನಿಂತಿತು.

"ಮೊದಲ ಜ್ವಾಳದ ಸುತ್ತ ಕುಸುಬಿ ಹಾಕತಿದ್ದಿಲ್ಲೇನ್ರಿ? ಮುಳ್ಳಿಗಿ ಅಂಜಿ ದನ ಒಳಗ ಬರತಿದ್ದಿಲ್ಲ. ಈಗ ಕಡ್ಲಿ ಸುತ್ತ ಹಾಕೂಣು. ಇವನ ಹುಳಾನೂ ಬದುಕತಾವ."

"ಮುಳ್ಳಾಗ ಕೈ ಹಾಕಿ ಕೊಯ್ಯಾವ್ರು ಯಾರ?" ಎಂದರು ಹುಸೇನಸಾಬರು.

"ಇವ ಕೊಯ್ತಾನ. ದಿನಾ ಜೇನ ಕಡಿಸಿಕೊಳ್ಳಾವಗ ಮುಳ್ಳಿನ ಅಂಜಿಕಿ ಏನ?"

ಅಕ್ಕಪಕ್ಕದ ಹೊಲದವರನ್ನೂ ಅಕ್ಕನೇ ಒಪ್ಪಿಸಿದರು. ಕಡಲೆ ಕಾಯಿಗಟ್ಟುವ ಹೊತ್ತಿಗೆ ಅಂಚಿನಲ್ಲೆಲ್ಲ ಕುಸುಬೆ ಅರಳಿತು, ಅರಿಶಿನ ಕುಂಕುಮ ಕಲಸಿದ ಬಣ್ಣ. ಬೆಳಗಾದರೆ ಜೇನಿನ ಸದ್ದೋ ಸದ್ದು. ಕೈಕಾಲಿಗೆ ಅರಿವೆ ಸುತ್ತಿಕೊಂಡು ನಾನೇ ಕೊಯ್ದೆ. ಅಂಗೈ ತುಂಬ ಮುಳ್ಳು. ಅಕ್ಕ ಅದನ್ನು ತೆಗೆಯುತ್ತ ನಕ್ಕರು: "ಈಗ ನಮ್ಮ ಊರಾಂವ ಆದಿ ನೋಡ."

ಅಂದಿನಿಂದ ವರ್ಷವರ್ಷವೂ ಹೀಗೇ ನಡೆದಿದೆ. ಬೇಸಿಗೆಗೆ ಪೆಟ್ಟಿಗೆಗಳ ಸಮೇತ ತಿಪಟೂರಿಗೆ, ಹೊಂಗೆ ಹೂವಿಗೆ. ಹುಳು ಒಳಸೇರಿದ ಮೇಲೆ ಬಾಗಿಲು ಮುಚ್ಚಿ ಲಾರಿಗೆ ಏರಿಸುತ್ತೇನೆ. ಎಷ್ಟು ಕಾದರೂ ಕೆಲವು ಹೊರಗೇ ಉಳಿಯುತ್ತವೆ. ಈ ಸಲ ತೋಟಕ್ಕೆ ಬಂದು ಪೆಟ್ಟಿಗೆ ಇಳಿಸುತ್ತಿದ್ದಾಗ ಬೀಬಿಜಾನಕ್ಕನ ಫೋನು ಬಂತು.

"ನಿನ್ನ ಹುಳ ಪೆಟ್ಟಿಗಿ ಇದ್ದ ಜಾಗಾದಾಗ ಸುತ್ತಾಕತ್ತಾವ ತಮ್ಮಾ. ಏನ ಹೇಳ್ಲಿ ಅವಕ್ಕ?"

"ಹಿಂಗಾರಿಗೆ ಬರ್ತೀನಿ ಅಂತ ಹೇಳಿ ಅಕ್ಕಾ" ಎಂದೆ.

ಅಲ್ಲಿಯವರೆಗೆ ಅವು ಬದುಕುವುದಿಲ್ಲ. ಅಕ್ಕನಿಗೂ ಅದು ಗೊತ್ತು. ಆದರೂ ಹೇಳಿದರಂತೆ.